ಶಿಬಿರದ ಗುರಿ, ಶಿಬಿರಾರ್ಥಿಯ ಅಂಕ

ಏಳು ದಿನದ ಎನ್‌ಎಸ್‌ಎಸ್ ಶಿಬಿರ ಮುಗಿದ ಮೇಲೆ ಕಾಲೇಜಿನಲ್ಲಿ ಒಂದು ವರದಿ ತಯಾರಾಗುತ್ತದೆ. ಶಿಬಿರಾರ್ಥಿಗಳು ಎಷ್ಟು ಜನ, ಉದ್ಘಾಟನೆಗೆ ಬಂದ ಗಣ್ಯರು ಯಾರು, ನೆಟ್ಟ ಸಸಿ ಎಷ್ಟು, ಸಂಜೆಯ ಉಪನ್ಯಾಸಗಳು ಯಾವುವು, ಎಲ್ಲ ಅದರಲ್ಲಿರುತ್ತದೆ. ಊರಿಗೆ ಏನಾಯಿತು, ಹುಡುಗರು ಏನು ಕಲಿತರು ಎಂಬ ಎರಡಕ್ಕೆ ಮಾತ್ರ ಉತ್ತರ ಸಿಗುವುದು ಅಪರೂಪ. ವರದಿ ಬರೆದವರನ್ನು ದೂರಿ ಪ್ರಯೋಜನವಿಲ್ಲ. ಶಿಬಿರಕ್ಕೆ ಹೊರಡುವ ಮುನ್ನ ಆ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ.

ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಈ ಲೆಕ್ಕ ಸರಳ, ಹಾಜರಿ ಪುಸ್ತಕ ಇದ್ದರೆ ಸಾಕು. ಆದರೆ ಗಂಟೆ ಹೇಳುವುದು ಹುಡುಗ ಬಂದಿದ್ದ ಎಂಬುದನ್ನಷ್ಟೇ.

ಗುರಿಯ ವಿಷಯಕ್ಕೆ ಬರೋಣ. 'ನೈರ್ಮಲ್ಯದ ಬಗ್ಗೆ ಅರಿವು ಮೂಡಿಸುವುದು' ಎಂಬಂಥ ಸಾಲು ಬ್ಯಾನರಿಗೆ ಚೆಂದ. ಮೂಡಿತೋ ಇಲ್ಲವೋ ನೋಡುವುದು ಹೇಗೆ? ಅದರ ಬದಲು ಹೀಗೆ ಬರೆದು ನೋಡಿ: 'ಕೆಳಗಿನ ಕೇರಿಯ ಹತ್ತು ಮನೆಗಳ ಬಚ್ಚಲು ನೀರು ರಸ್ತೆಗೆ ಹರಿಯುತ್ತಿದೆ, ಮನೆಯವರ ಜೊತೆ ಸೇರಿ ಇಂಗುಗುಂಡಿ ತೋಡುವುದು, ತಿಂಗಳಾದ ಮೇಲೆ ಎಷ್ಟು ಗುಂಡಿಯಲ್ಲಿ ನೀರು ಇಂಗುತ್ತಿದೆ ಎಂದು ನೋಡುವುದು.' ಇದನ್ನು ಬರೆಯಬೇಕಾದರೆ ಶಿಬಿರಕ್ಕೆ ಮೊದಲೇ ಆ ಕೇರಿಗೆ ಹೋಗಬೇಕು, ಪಿಡಿಒ ಅವರನ್ನೂ ಆಶಾ ಕಾರ್ಯಕರ್ತೆಯನ್ನೂ ಕಾಣಬೇಕು, ಮನೆ ಹೆಂಗಸರ ಮಾತು ಕೇಳಬೇಕು. ಅವರು 'ಬಚ್ಚಲು ಹಾಗಿರಲಿ, ಮೊದಲು ಅಂಗನವಾಡಿಯ ಸೋರುವ ಸೂರು ನೋಡಿ' ಎಂದರೆ ಗುರಿಯೇ ಬದಲಾಗಬೇಕು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಬರೆದ ಗುರಿ ಊರಿಗೆ ಹೊಂದದಿದ್ದರೆ ಆಶ್ಚರ್ಯವೇನು?

ಊರಿಗೆ ಒಂದು ಗುರಿ, ವಿದ್ಯಾರ್ಥಿಗೆ ಇನ್ನೊಂದು. ಇವೆರಡನ್ನೂ ಕಲಸಿಬಿಟ್ಟರೆ ಅಂಕ ಕೊಡುವಲ್ಲಿ ತೊಡಕು ಶುರುವಾಗುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಜೆಫ್ರಿ ಹೊವಾರ್ಡ್ 1993ರಲ್ಲಿ ಸೇವೆಯ ಮೂಲಕ ಕಲಿಸುವ ಕೋರ್ಸುಗಳಿಗೆ ಕೆಲವು ಸೂತ್ರಗಳನ್ನು ಬರೆದರು. ಅದರಲ್ಲಿ ಮೊದಲನೆಯದು, ಕ್ರೆಡಿಟ್ ಸಲ್ಲಬೇಕಾದ್ದು ಕಲಿಕೆಗೆ, ಸೇವೆಗಲ್ಲ ಎಂಬುದು. ಕೇಳಲು ಕಟುವೆನಿಸಿದರೂ ನನಗೆ ಇದು ಸರಿ ಕಾಣುತ್ತದೆ. ಅಡಿಯಲ್ಲಿ ಬಂಡೆ ಸಿಕ್ಕಿ ಗುಂಡಿ ನಿಂತುಹೋದರೆ ಅಂಕ ಕಳೆಯಬಾರದು. ಏಕೆ ನಿಂತಿತು, ಜಾಗ ಆರಿಸುವಾಗ ಯಾರನ್ನು ಕೇಳಬೇಕಿತ್ತು ಎಂದು ವಿದ್ಯಾರ್ಥಿ ಬಿಡಿಸಿ ಹೇಳಿದರೆ ಪೂರ್ತಿ ಕೊಡಬೇಕು. ಬರೀ ಬೆವರಿಗೆ ಅಂಕ ಕೊಡುವುದಾದರೆ ಗಟ್ಟಿಮುಟ್ಟಾದವನೇ ಪ್ರತಿಸಲ ಮೊದಲಿಗ.

ಕಲಿಕೆಯನ್ನು ಹಿಡಿಯಲು ಕೈಗೆಟಕುವ ಸಾಧನ ದಿನಚರಿ. ಈಗಿನ ದಿನಚರಿಗಳು ಬಹುಪಾಲು ಒಂದೇ ಅಚ್ಚಿನವು: ಬೆಳಗ್ಗೆ ಎದ್ದೆವು, ಧ್ವಜಾರೋಹಣ ಆಯಿತು, ಉಪ್ಪಿಟ್ಟು ತಿಂದೆವು, ಶ್ರಮದಾನ ಮಾಡಿದೆವು. ದಿನಕ್ಕೆ ಎರಡೇ ಪ್ರಶ್ನೆ ಕೊಟ್ಟು ನೋಡಿ: ಇವತ್ತು ನೀನು ಅಂದುಕೊಂಡಿದ್ದಕ್ಕೆ ವಿರುದ್ಧವಾಗಿ ಕಂಡದ್ದೇನು? ಅದು ನಿನ್ನ ಓದಿಗೆ ಎಲ್ಲಿ ತಾಗುತ್ತದೆ? ವಾಣಿಜ್ಯ ಓದುವ ಹುಡುಗಿ ಸ್ವಸಹಾಯ ಸಂಘದ ಸಾಲದ ಪುಸ್ತಕ ತಿರುವಿ, ಬಡ್ಡಿಯ ಲೆಕ್ಕ ತಾನು ಕಲಿತದ್ದಕ್ಕಿಂತ ಬೇರೆಯಾಗಿದೆಯಲ್ಲ ಎಂದು ಬರೆದರೆ, ಆ ಪುಟವೇ ಅವಳ ಉತ್ತರಪತ್ರಿಕೆ. ಮೂರನೆಯ ದಿನವೇ ಅಧ್ಯಾಪಕರು ಅದನ್ನು ಓದಿ ಎರಡು ಸಾಲು ಬರೆದುಕೊಡಬೇಕು. ಕೊನೆಯ ದಿನ ಓದುವುದು ಬರೀ ಸಹಿ ಹಾಕಲು.

ಊರವರ ಅಭಿಪ್ರಾಯ ಕೇಳಿದರೆ 'ತುಂಬಾ ಒಳ್ಳೇ ಮಕ್ಕಳು' ಎನ್ನುತ್ತಾರೆ, ಅದು ಅವರ ಸೌಜನ್ಯ. ನಡೆದ ಸಂಗತಿ ಕೇಳಬೇಕು: ಹೇಳಿದ ಹೊತ್ತಿಗೆ ಬಂದರೇ, ಅರ್ಧಕ್ಕೆ ಬಿಟ್ಟ ಕೆಲಸ ಯಾವುದು, ಯಾವ ಕೇರಿಗೆ ಕಾಲೇ ಇಡಲಿಲ್ಲ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಇರುಸುಮುರುಸು ತರುತ್ತದೆ. ಹುಡುಗಿಯರು ತರಕಾರಿ ಹೆಚ್ಚುತ್ತ, ಹುಡುಗರು ಗುದ್ದಲಿ ಹಿಡಿದು, ಚರಂಡಿಗೆ ಇಳಿಯುವವರು ಮತ್ತೆ ಅದೇ ಕೇರಿಯಿಂದ ಬಂದ ಮಕ್ಕಳಾಗಿದ್ದರೆ, ಶಿಬಿರ ಕಲಿಸಿದ್ದು ಹಳೆಯ ಪಾಠವನ್ನೇ. ಕೆಲಸ ಹಂಚಿದ ಪಟ್ಟಿಯೂ ಮೌಲ್ಯಮಾಪನಕ್ಕೆ ಸೇರಲಿ. ಅಲ್ಲಿ ಅಂಕ ಬೀಳಬೇಕಾದ್ದು ನಮಗೆ, ಅಧ್ಯಾಪಕರಿಗೆ.

ತಿಂಗಳಾದ ಮೇಲಿನ ಭೇಟಿಗೆ ಒಂದಷ್ಟು ಅಂಕ ತೆಗೆದಿಡಬೇಕು. ಇಂಟರ್ನಲ್ ಅಂಕ ಕಳಿಸುವ ಗಡುವು ಇದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಶಿಬಿರವನ್ನು ಸೆಮಿಸ್ಟರಿನ ಮೊದಲರ್ಧಕ್ಕೇ ಹಾಕಿಕೊಳ್ಳುವುದು ಮೇಲು. ಮಳೆಗಾಲವಾದರೆ ಗುಂಡಿಯ ಬದಲು ಬೇರೆ ಕೆಲಸ ಹುಡುಕಬೇಕಾದೀತು.