ತೂತಿಲ್ಲದ ಕಿವಿ

ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಾದ ಕಾಕರ್ ಸ್ಪ್ಯಾನಿಯಲ್ ನಾಯಿಯ ಜೋಲುಕಿವಿಯನ್ನು ಒಮ್ಮೆ ಎತ್ತಿ ನೋಡಬೇಕು. ತೂತೇ ಇಲ್ಲ! ಅದಿರಬೇಕಾದ ಜಾಗದಲ್ಲಿ ಸಪಾಟು ಚರ್ಮ, ಹೊಲಿಗೆಯ ಸಣ್ಣ ಗೆರೆ, ಸುತ್ತ ಹೊಸದಾಗಿ ಹುಟ್ಟಿದ ಕೂದಲು. ಕೀವಿಲ್ಲ, ನಾತವಿಲ್ಲ. ಬೆರಳಿಟ್ಟರೂ ನಾಯಿ ಕುಂಯ್ ಎನ್ನುವುದಿಲ್ಲ.

ಪಶುವೈದ್ಯರ ಬಾಯಲ್ಲಿ ಇದು ‘ಟೀಕಾ’: ಕಿವಿಯ ಹೊರನಾಳವನ್ನು ಬುಡಸಮೇತ ತೆಗೆಯುವ ಶಸ್ತ್ರಚಿಕಿತ್ಸೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹೊಲ ಸುತ್ತುವ ನಾಯಿಗಳ ಕಿವಿಗೆ ಉಣ್ಣೆ, ಹುಲ್ಲಿನ ಊಬು ಸೇರಿಕೊಳ್ಳಬಹುದು. ಮನೆಯೊಳಗಿನ ತಳಿನಾಯಿಗಳಿಗೆ ಹೆಚ್ಚಾಗಿ ಚರ್ಮದ ಅಲರ್ಜಿಯೇ ಕಿವಿಸೋಂಕಿನ ಮೂಲ. ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಗುಗ್ಗೆ, ತೇವ ಎಲ್ಲವೂ ಅಲ್ಲೇ ನಿಲ್ಲುತ್ತವೆ. ತಲೆ ಒದರುವುದು, ಕೆರೆದುಕೊಳ್ಳುವುದು ಶುರುವಾದಾಗ ಕೊಬ್ಬರಿ ಎಣ್ಣೆ ಬಿಟ್ಟು ಸುಮ್ಮನಾದರೆ ಸೋಂಕು ಒಳಗೊಳಗೇ ಬೇರೂರುತ್ತದೆ. ವರ್ಷಗಳು ಕಳೆದರೆ ನಾಳದ ಗೋಡೆ ಊದಿ, ಮೃದ್ವಸ್ಥಿ ಸುಣ್ಣಗಟ್ಟಿ ಕಲ್ಲಿನಂತಾಗುತ್ತದೆ. ಆಗಲೂ ಡ್ರಾಪ್ಸ್ ಬದಲಿಸುತ್ತಲೇ ಇರುವುದು ನಾಯಿಗೆ ಕೊಡುವ ಹಿಂಸೆ. ಮುಚ್ಚಿಹೋದ ನಾಳದೊಳಗೆ ಔಷಧಿ ಇಳಿಯುವುದಾದರೂ ಎಲ್ಲಿಂದ?

1949ರಲ್ಲಿ ಝೆಪ್ ಎಂಬ ಅಮೆರಿಕದ ಪಶುವೈದ್ಯ ನಾಳದ ಹೊರಗೋಡೆಯನ್ನಷ್ಟೇ ಕತ್ತರಿಸಿ ಗಾಳಿಯಾಡಲು ಬಿಡುವ ವಿಧಾನ ಪ್ರಕಟಿಸಿದರು. ರೋಗ ಬಲಿತ ಕಾಕರ್‌ಗಳಲ್ಲಿ ಅದು ಬಹುಪಾಲು ಕೈಕೊಡುತ್ತದೆ.

ಕಾರಣ ತಿಳಿಯಬೇಕಾದರೆ ನಾಯಿಯ ತಲೆಬುರುಡೆಯನ್ನು ಮಗುಚಿ ನೋಡಬೇಕು. ಹಿಂಭಾಗದಲ್ಲಿ ಎರಡು ಉಬ್ಬು; ಅವೇ ‘ಬುಲ್ಲಾ’. ಕಡಲೆಕಾಯಿ ಸಿಪ್ಪೆಯಂತೆ ತೆಳು, ಒಳಗೆ ಟೊಳ್ಳು. ಸೋಂಕು ಕಿವಿತಮಟೆ ದಾಟಿ ಈ ಗೂಡಿನಲ್ಲಿ ಬೀಡುಬಿಟ್ಟರೆ ಹೊರಗಿನ ಚಿಕಿತ್ಸೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಟೀಕಾ ಮಾಡುವಾಗ ವೈದ್ಯರು ಈ ಮೂಳೆಯ ಪಕ್ಕವನ್ನೂ ತೆರೆದು, ಒಳಪದರವನ್ನು ಕೆರೆದು ತೆಗೆಯುತ್ತಾರೆ. ಚೂರು ಉಳಿದರೂ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಕೀವು ಮತ್ತೆ ಒಡೆಯಬಹುದು. ನಾಳಕ್ಕೆ ಅಂಟಿಕೊಂಡಂತೆ ಮುಖದ ನರ ಬೇರೆ ಹಾದುಹೋಗುತ್ತದೆ. ಅದು ಜಗ್ಗಿದರೆ ಆ ಕಡೆಯ ರೆಪ್ಪೆ ಮುಚ್ಚುವುದಿಲ್ಲ. ಹಲವು ನಾಯಿಗಳಲ್ಲಿ ವಾರಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಕಣ್ಣು ಒಣಗದಂತೆ ಔಷಧಿ ಹಾಕುತ್ತಿರಬೇಕು. ಇಂಥ ಜಾಗದಲ್ಲಿ ಚಾಕು ಆಡಿಸಲು ಪಳಗಿದ ಕೈಯೇ ಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯ ಬಿದ್ದರೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ತಜ್ಞರನ್ನು ವಿಚಾರಿಸುವುದು ಲೇಸು.

‘ನಾಯಿ ಕಿವುಡಾಗುವುದಿಲ್ಲವೇ?’ ಎಂಬುದು ಸಾಕಿದವರ ದೊಡ್ಡ ಅಳುಕು. ನಾಳ ಮುಚ್ಚಿಹೋದ ನಾಯಿಗೆ ಅಷ್ಟರಲ್ಲಾಗಲೇ ಕೇಳುವುದು ಅತ್ಯಲ್ಪ. ಶಸ್ತ್ರಚಿಕಿತ್ಸೆಯಲ್ಲಿ ಒಳಗಿವಿಯನ್ನು ಮುಟ್ಟುವುದಿಲ್ಲವಾದ್ದರಿಂದ ಜೋರು ಸದ್ದು, ನೆಲದ ಕಂಪನ ಆಮೇಲೂ ಅದಕ್ಕೆ ತಾಕಬಹುದು. ಆದರೆ ಎರಡೂ ಕಿವಿಗೆ ಚಿಕಿತ್ಸೆಯಾದ ನಾಯಿಯನ್ನು ಬೆಂಗಳೂರು–ಮೈಸೂರು ರಸ್ತೆಯ ಆಸುಪಾಸಿನಲ್ಲಿ ಬೆಲ್ಟ್ ಹಾಕದೆ ಬಿಡಲೇಬಾರದು. ಹಿಂದಿನಿಂದ ಬರುವ ಬೈಕು ಅದಕ್ಕೆ ಗೊತ್ತಾಗುವುದಿಲ್ಲ.