ಗಡ್ಡದ ಮರೆಯಲ್ಲಿ ಗಡ್ಡೆ!

'ಕೆ.ಜಿ.ಎಫ್' ಎರಡನೇ ಭಾಗದ ಖಾಸಿಂ ಚಾಚಾನ ಉದ್ದನೆ ಗಡ್ಡ ನೆನಪಿದೆಯಲ್ಲ? "ಆಹಾ, ಎಂಥಾ ಗೆಟಪ್ಪು ಗುರೂ!" ಎಂದು ಶಿಳ್ಳೆ ಹೊಡೆದವರಲ್ಲಿ ನೀವೂ ಒಬ್ಬರಿರಬಹುದು. ಆದರೆ ಅದು ಬರೀ ಗೆಟಪ್ಪಿಗೆ ಬಿಟ್ಟ ಗಡ್ಡವಲ್ಲ. ಕುತ್ತಿಗೆಯಲ್ಲಿ ಎದ್ದಿದ್ದ ಊತ ಕ್ಯಾಮರಾ ಕಣ್ಣಿಗೆ ಬೀಳದಿರಲಿ ಎಂದು ನಟ ಹರೀಶ್ ರಾಯ್ ಬೆಳೆಸಿಕೊಂಡಿದ್ದ ಗಡ್ಡ!

2022ರಲ್ಲಿ ಚಿತ್ರ ತೆರೆಕಂಡ ಮೇಲೆ ಅವರೇ ಇದನ್ನು ಹೇಳಿಕೊಂಡರು. ಥೈರಾಯ್ಡ್ ಕ್ಯಾನ್ಸರ್. ಕೈಯಲ್ಲಿ ಕಾಸಿಲ್ಲದೆ ಆಪರೇಷನ್ ಮುಂದೂಡಿದ್ದು, ಚಿತ್ರಗಳು ಬಿಡುಗಡೆಯಾಗಲಿ ಎಂದು ಕಾದದ್ದು, ಅಷ್ಟರಲ್ಲಿ ರೋಗ ನಾಲ್ಕನೇ ಹಂತಕ್ಕೆ ಕಾಲಿಟ್ಟದ್ದು... ಎಲ್ಲವನ್ನೂ ಹೇಳಿದರು. 2025ರ ನವೆಂಬರ್ 6ರಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಬೇಗ ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದರೇ? ಅದನ್ನು ಹೇಳಲು ನಾವು ಡಾಕ್ಟರಲ್ಲ. ಆದರೆ ಥೈರಾಯ್ಡಿನ ಕ್ಯಾನ್ಸರುಗಳಲ್ಲಿ ಬಹುಪಾಲು, ಬೇಗ ಸಿಕ್ಕಿದರೆ ಚೆನ್ನಾಗಿ ವಾಸಿಯಾಗುವಂಥವು ಎಂಬುದು ಮಾತ್ರ ವೈದ್ಯಲೋಕ ಒಪ್ಪಿದ ಮಾತು.

ಈಗ 1995ಕ್ಕೆ ಬನ್ನಿ. ಉಪೇಂದ್ರ ನಿರ್ದೇಶನದ 'ಓಂ'. ಡಾನ್ ರಾಯ್ ಆಗಿ ಅಬ್ಬರಿಸಿದವರು ಇದೇ ಹರೀಶ್ ರಾಯ್. ನಾಯಕ ನಮ್ಮ ಶಿವಣ್ಣ. ಆ ಚಿತ್ರದ ಇಬ್ಬರನ್ನೂ ಇದೇ ಕಾಯಿಲೆ ಹುಡುಕಿಕೊಂಡು ಬರುತ್ತದೆಂದು ಯಾರು ಕಂಡಿದ್ದರು?

ಶಿವರಾಜ್‌ಕುಮಾರ್ ಅವರದು ಮೂತ್ರಕೋಶದ ಕ್ಯಾನ್ಸರ್. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಮುರುಗೇಶನ್ ಮನೋಹರನ್ ಅವರ ಕೈಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇತ್ತ ಗಾಂಧಿನಗರದಲ್ಲಿ "ಕಿಡ್ನಿ ಬದಲಾಯಿಸಿದ್ರಂತೆ" ಎಂಬ ಗುಲ್ಲು! 2025ರ ಜನವರಿ 1ರಂದು ಪತ್ನಿ ಗೀತಾ ಅವರ ಜೊತೆ ವಿಡಿಯೋದಲ್ಲಿ ಕಾಣಿಸಿಕೊಂಡು ಶಿವಣ್ಣನೇ ಗುಲ್ಲಿಗೆ ತೆರೆ ಎಳೆದರು. ಕಿಡ್ನಿ ಅಲ್ಲ, ಮೂತ್ರಕೋಶವನ್ನೇ ತೆಗೆದು ಹೊಸದನ್ನು ಕೂರಿಸಿದ್ದಾರೆ, ಕ್ಯಾನ್ಸರ್ ಈಗಿಲ್ಲ ಎಂದರು.

ಹೊಸದು ಎಲ್ಲಿಂದ ಬಂತು ಅಂತೀರಾ? ರೋಗಿಯದೇ ಕರುಳಿನ ಒಂದು ತುಂಡನ್ನು ಚೀಲದಂತೆ ಹೊಲಿದು ಮೂತ್ರಕೋಶದ ಜಾಗದಲ್ಲಿ ಇಡುತ್ತಾರೆ. ಕಥೆಗಾರರಿಗೂ ಹೊಳೆಯದ ತಿರುವು ಇದು! ಅದಕ್ಕೆ ಮುಂಚೆ ಕೀಮೋ. ಆ ಕೀಮೋ ನಡೆಯುತ್ತಿದ್ದಾಗಲೇ '45' ಚಿತ್ರದ ಕ್ಲೈಮ್ಯಾಕ್ಸಿನಲ್ಲಿ ಬಡಿದಾಡಿದ್ದಾರೆ ಪುಣ್ಯಾತ್ಮ! ಆದರೂ ತನಗೆ ಭಯವಿರಲಿಲ್ಲ ಎಂದು ಅವರು ಡೈಲಾಗ್ ಹೊಡೆಯಲಿಲ್ಲ. ಭಯವಾಗಿತ್ತು ಎಂದೇ ಹೇಳಿದರು. ನನಗೆ ಫೈಟಿಗಿಂತ ಆ ಮಾತೇ ದೊಡ್ಡದಾಗಿ ಕಂಡಿತು.

ಸಿನಿಮಾದವರು ಈ ಕಾಯಿಲೆಯನ್ನು ನಮಗೆ ತಪ್ಪಾಗಿ ಕಲಿಸಿದ್ದಾರೆ ಬಿಡಿ. 1971ರ 'ಆನಂದ್' ನೋಡಿ ಕರ್ಚೀಫು ಒದ್ದೆ ಮಾಡಿಕೊಂಡ ಕಾಲದಿಂದಲೂ ಕ್ಯಾನ್ಸರ್ ಎಂದರೆ ಸಾವು, ಡಾಕ್ಟರು ಕನ್ನಡಕ ತೆಗೆದು ಮುಖ ತಿರುಗಿಸುವುದು. ನಿಜವಾದ ಆಸ್ಪತ್ರೆಯಲ್ಲಿ ಕನ್ನಡಕ ಹಾಕಿಕೊಂಡೇ ಲೆಕ್ಕ ಹಾಕುತ್ತಾರೆ. ಯಾವ ಜಾಗ, ಎಷ್ಟು ದೂರ ಹರಡಿದೆ, ಯಾವ ಜಾತಿಯದು? ಅದರ ಮೇಲೆ ಕತ್ತರಿಸುವುದೋ, ಕಿರಣ ಕೊಡುವುದೋ, ಕೀಮೋ ಹನಿಸುವುದೋ, ಎರಡು ಮೂರು ಸೇರಿಸುವುದೋ ತೀರ್ಮಾನ. ಗಡ್ಡೆಗೆ ಸೂಜಿ ತಾಗಿಸಿದರೆ ಕೆರಳುತ್ತೆ ಎಂಬುದು ಕಟ್ಟುಕಥೆ. ಆ ಸೂಜಿಪರೀಕ್ಷೆಯೇ ಇಲ್ಲದೆ ಗುಟ್ಟು ಬಿಚ್ಚುವುದು ಹೇಗೆ?

ಇನ್ನು ನಿಮ್ಮ ವಿಷಯ. ಜೇಬಿನಲ್ಲಿ ಏನಿದೆ? ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಅಂಗಡಿಯವ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಡುತ್ತಾನೆ. ಬಾಯಲ್ಲಿ ಎರಡೂ ಒಂದೇ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವೇ 2004ರಲ್ಲಿ ಸಾರಿದೆ. ಮಲೆನಾಡಿನ ಗೆಳೆಯರು ಮುನಿಸಿಕೊಂಡರೂ ಹೇಳದೆ ವಿಧಿಯಿಲ್ಲ.

ಇಂಟರ್‌ವಲ್ಲಿನಲ್ಲಿ ಟಾಕೀಸಿನ ಕನ್ನಡಿ ಮುಂದೆ ಕ್ರಾಪು ತೀಡುತ್ತೀರಲ್ಲ, ಹಾಗೇ ಒಮ್ಮೆ ಬಾಯಿ ತೆರೆದು ನೋಡಿ. ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೊದಲಿನಷ್ಟು ತೆರೆಯದ ದವಡೆ, ಇವು ಕಂಡರೆ ನೇರ ದಂತವೈದ್ಯರ ಹತ್ತಿರ ಹೋಗಿ. ನೋವಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ನೋವೇ ಇರುವುದಿಲ್ಲ, ಇದರ ಮೋಸ ಇರುವುದೇ ಅಲ್ಲಿ! ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ ತೋರಿಸಬೇಕು. ಕುತ್ತಿಗೆಯ ಗಂಟೂ ಅಷ್ಟೇ, ಬಹಳಷ್ಟು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಗಡ್ಡವಲ್ಲ. ಇನ್ನೊಂದು ಮಾತು, ನಾಚಿಕೆ ಬಿಟ್ಟು ಓದಿ: ವೃಷಣದಲ್ಲಿ ನೋವಿಲ್ಲದ ಗಂಟು. ಹದಿನೈದರಿಂದ ಮೂವತ್ತೈದರ ಹುಡುಗರಲ್ಲೇ ಹೆಚ್ಚು ಕಾಣುವ ಕ್ಯಾನ್ಸರ್ ಅದು. ಹರಡಿದ ಮೇಲೂ ಬಹುಮಟ್ಟಿಗೆ ವಾಸಿಯಾಗುತ್ತದೆ. ನಾಚಿಕೆಗೆ ಮಾತ್ರ ಮದ್ದಿಲ್ಲ.

ಮನೆಯಲ್ಲಿ ಮೂವತ್ತು ದಾಟಿದವರಿಗೆ ಬಾಯಿಯ ತಪಾಸಣೆ, ಅಮ್ಮ ಅಕ್ಕಂದಿರಿಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರದ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಚಿಕಿತ್ಸೆಗೆ ಮಯಾಮಿಯೇ ಆಗಬೇಕಿಲ್ಲ. ಹೊಸೂರು ರಸ್ತೆಯ ಕಿದ್ವಾಯಿ 1973ರಿಂದ ಇದೆ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ದುಡ್ಡಿಲ್ಲ ಅಂತ ಮನೆಯಲ್ಲೇ ಕೂರುವ ಮೊದಲು ಕಾರ್ಡು ಹಿಡಿದು ಒಮ್ಮೆ ಅಲ್ಲಿ ವಿಚಾರಿಸಿ.

ಕಾಯಿಲೆಯವರ ಜೊತೆ ಒಂದೇ ತಟ್ಟೆಯಲ್ಲಿ ಉಂಡರೂ ಇದು ಅಂಟುವುದಿಲ್ಲ. ಕೀಮೋದಲ್ಲಿ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆ ದಿನಗಳಲ್ಲಿ ಅವರಿಗೆ ಜ್ವರ ಬಂದರೆ ಮಾತ್ರ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ಕೀಮೋ ರಕ್ತದ ಬಿಳಿಕಣಗಳನ್ನು ಇಳಿಸಿರುತ್ತದೆ. ರಕ್ತ, ಪ್ಲೇಟ್‌ಲೆಟ್ ಬೇಕಾಗುವುದೂ ಆಗಲೇ.

ಅಭಿಮಾನಿ ಸಂಘದ ಅಣ್ಣಂದಿರೇ, ಜುಲೈ 12ಕ್ಕೆ ಶಿವಣ್ಣನ ಹುಟ್ಟುಹಬ್ಬದಂದು ಸಾಲುಗಟ್ಟಿ ರಕ್ತ ಕೊಡುತ್ತೀರಿ, ಭೇಷ್! ಆದರೆ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಗಂಡಸರು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅಂದರೆ ಅಕ್ಟೋಬರಿಗೆ ಇನ್ನೊಂದು ಸರದಿ ಉಂಟು.