ಬಿಸಿನೀರಿನ ಅಪಸ್ಮಾರವೂ ಮಿದುಳಿನ ಚಿತ್ರಗಳೂ

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ತಲೆಸ್ನಾನವೆಂದರೆ, ಮೈಸೂರು ಸೀಮೆಯ ಇತರ ಊರುಗಳಲ್ಲಿರುವಂತೆಯೇ, ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ನೆತ್ತಿಗೆ ಸುರಿದುಕೊಳ್ಳುವುದು. ಹೀಗೆ ಸುರಿದುಕೊಳ್ಳುತ್ತಿರುವಾಗಲೇ ಕೆಲವರಿಗೆ ಪ್ರಜ್ಞೆ ಮಸುಕಾಗುತ್ತದೆ, ದೃಷ್ಟಿ ನೆಟ್ಟುನಿಲ್ಲುತ್ತದೆ, ಮಾತು ಅಸಂಬದ್ಧವಾಗುತ್ತದೆ. ಕೆಲವರಿಗೆ ಕೈಕಾಲುಗಳ ಸೆಳೆತವೂ ಬರುತ್ತದೆ. ಇದೇ ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ವರದಿಯಾದ ಈ ರೋಗವನ್ನು 1968ರಲ್ಲಿ ಬೆಂಗಳೂರಿನ ಡಾ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ ವಿವರಿಸಿದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮೊದಲಾದವರು 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಸಾಮಾನ್ಯ ಅಪಸ್ಮಾರ ಯಾವಾಗ ಬಂದೀತೆಂದು ಹೇಳಲಾಗದು. ಆದುದರಿಂದ ಆಘಾತದ ಗಳಿಗೆಯ ಮಿದುಳನ್ನು ಚಿತ್ರಿಸುವುದು ಕಷ್ಟ. ಇಲ್ಲಿಯಾದರೋ ರೋಗವನ್ನು ಕರೆಯುವ ಕೀಲಿ ಒಂದು ಚೊಂಬು ನೀರು! ವೈದ್ಯರ ಮೇಲ್ವಿಚಾರಣೆಯಲ್ಲಿ ಆಘಾತವನ್ನುಂಟುಮಾಡಿ, ಆ ಕ್ಷಣದಲ್ಲೇ ರಕ್ತನಾಳಕ್ಕೆ ವಿಕಿರಣಶೀಲ ದ್ರವ್ಯವನ್ನು ಸೇರಿಸಿದರೆ, ಅದು ರಕ್ತ ಹೆಚ್ಚು ಹರಿದ ಭಾಗಗಳಲ್ಲಿ ಹೆಚ್ಚಾಗಿ ಸೇರಿ ಅಲ್ಲೇ ನಿಂತುಬಿಡುತ್ತದೆ. ಚಿತ್ರವನ್ನು ತರುವಾಯ ತೆಗೆದರೂ ಕಾಣುವುದು ಆಘಾತದ ಗಳಿಗೆಯೇ. ಈ 'ಸ್ಪೆಕ್ಟ್' ವಿಧಾನದಿಂದ ಬೆಂಗಳೂರಿನ ಸಂಶೋಧಕರು ಕೆಲವು ರೋಗಿಗಳಲ್ಲಿ ಕಪೋಲಪಾಲಿಯ ಒಳಭಾಗದಲ್ಲಿಯೂ, ದೇಹದ ಉಷ್ಣವನ್ನು ನಿಯಂತ್ರಿಸುವ ಹೈಪೊಥಲಾಮಸಿನಲ್ಲಿಯೂ ಚಟುವಟಿಕೆ ಏರಿದ್ದನ್ನು ಕಂಡರು.

ಇನ್ನೊಂದು ಸಂಗತಿ ಗಮನಾರ್ಹ. ಈ ರೋಗಿಗಳಲ್ಲಿ ಕೆಲವರು ಆ ಅನುಭವ ಹಿತವೆನಿಸಿ ನೀರನ್ನು ಇನ್ನಷ್ಟು, ಮತ್ತಷ್ಟು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಸುಖ, ಬಯಕೆಗಳೆಂದೊಡನೆ ಡೋಪಮೀನೆಂಬ ನರವಾಹಕದ ನೆನಪಾಗುವುದು ಸಹಜ. ಆದರೆ ಇದು ಲೇಖಕನ ಊಹೆ ಮಾತ್ರ. ಡೋಪಮೀನಿನ ಚಿತ್ರಣ ನಡೆದಿರುವುದು ಬೇರೆ ಬಗೆಯ ಅಪಸ್ಮಾರಗಳಲ್ಲಿ. ಡೋಪಮೀನಾಗಿ ಮಾರ್ಪಡುವ ದ್ರವ್ಯಕ್ಕೆ ಸುಮಾರು 110 ನಿಮಿಷಗಳ ಅರ್ಧಾಯುಷ್ಯವುಳ್ಳ ಫ್ಲೋರಿನ್-18ನ್ನು ಜೋಡಿಸಿ, ಅದು ಮಿದುಳಿನಲ್ಲಿ ಎಲ್ಲಿ ಎಷ್ಟು ಸೇರಿತೆಂದು 'ಪೆಟ್' ಯಂತ್ರದಿಂದ ಅಳೆಯುತ್ತಾರೆ. 20ನೆಯ ವರ್ಣತಂತು ಉಂಗುರದಂತೆ ಸುತ್ತಿಕೊಂಡಿರುವ ಅಪರೂಪದ ಅಪಸ್ಮಾರದಲ್ಲಿ ಈ ಸೇರ್ಪಡೆ ಕಡಿಮೆಯೆಂದು ಫ್ರಾನ್ಸಿನ ವಿದ್ವಾಂಸರು 2004ರಲ್ಲಿ ತೋರಿಸಿದರು. ಆ ಕೊರತೆ ರೋಗದ ಕಾರಣವೋ, ಪದೇ ಪದೇ ಬಂದ ಆಘಾತಗಳ ಫಲವೋ ಎಂಬುದನ್ನು ಚಿತ್ರವೊಂದೇ ಹೇಳಲಾರದು. ವಿದ್ಯಾರ್ಥಿಗಳು ಮರೆಯುವುದು ಇದನ್ನೇ.

ಗುಂಡ್ಲುಪೇಟೆಯ ರೈತನ ಮಗನ ರೋಗವನ್ನು ಗುರುತಿಸಲು ಈ ಯಂತ್ರಗಳು ಬೇಕಿಲ್ಲ. "ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗಲೇ ಬರುತ್ತದೆಯೇ?" ಎಂಬ ಪ್ರಶ್ನೆಯೊಂದೇ ಬಹುಮಟ್ಟಿಗೆ ಸಾಕು. ನೀರನ್ನು ಉಗುರುಬೆಚ್ಚಗೆ ಇಳಿಸಬೇಕು. ನೆತ್ತಿಗೆ ಸುರಿಯುವುದನ್ನು ತಗ್ಗಿಸಬೇಕು. ಅಗತ್ಯವಾದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ವೈದ್ಯರು ಹೇಳಿದಂತೆ ಕ್ಲೋಬಜಾಮ್ ಸೇವಿಸಬೇಕು. ಅನೇಕರಿಗೆ ಇಷ್ಟರಿಂದಲೇ ಆಘಾತಗಳು ತಪ್ಪುತ್ತವೆ. ಇತರ ಸಮಯಗಳಲ್ಲಿಯೂ ಆಘಾತ ಬರುವವರಿಗೆ ನಿತ್ಯದ ಔಷಧ ಬೇಕಾಗುತ್ತದೆ. ನೆರೆಯ ಯಳಂದೂರು ತಾಲ್ಲೂಕಿನಲ್ಲಿ ಡಾ. ಮಣಿಯವರ ತಂಡ ಎಲ್ಲ ಬಗೆಯ ಅಪಸ್ಮಾರಗಳನ್ನೂ ಕುರಿತು ಸಮೀಕ್ಷೆ ನಡೆಸಿ, ಫಿನೊಬಾರ್ಬಿಟೋನ್, ಫಿನಿಟಾಯಿನ್‌ಗಳಂಥ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಗಳ ಅನೇಕ ರೋಗಿಗಳ ಆಘಾತಗಳನ್ನು ಹತೋಟಿಗೆ ತರಬಹುದೆಂದು 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿತು.